ಸಂಖ್ಯೆಗಳಿಗೆ ಹೆಸರಿಟ್ಟ ದೇವಳಾಲಿ ಮೇಷ್ಟ್ರು

12,34,56,78,98,76,54,321. ಎಣಿಸಿದರೆ ಹದಿನೇಳು ಅಂಕಿ. ಗಲ್ಲಾಪೆಟ್ಟಿಗೆ ಪಕ್ಕದ ಕ್ಯಾಲ್ಕುಲೇಟರ್‌ನಲ್ಲಿ ಇದನ್ನು ಒತ್ತೋಕೆ ಹೋದರೆ ಹಿಡಿಸಲ್ಲ, ಅದರಲ್ಲಿ ಸಾಮಾನ್ಯವಾಗಿ ಹನ್ನೆರಡು ಅಂಕಿಗೆ ಮಾತ್ರ ಜಾಗ. ಒಂದರಿಂದ ಶುರುವಾಗಿ ಒಂಬತ್ತಕ್ಕೆ ಏರುತ್ತೆ, ಮತ್ತೆ ಒಂದಕ್ಕೆ ಇಳಿಯುತ್ತೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಸಾಲಾಗಿ ಒಂಬತ್ತು ಸಲ ಒಂದು ಬರೆದು (11,11,11,111), ಅದನ್ನು ಅದರಿಂದಲೇ ಗುಣಿಸಿದರೆ ಸಿಗುವ ಉತ್ತರ ಇದು.

ಇಂಥ ದೊಡ್ಡ ಸಂಖ್ಯೆಯೊಂದನ್ನು ಗಣಿತ ಬಲ್ಲವರ ಕೈಗೆ ಕೊಟ್ಟರೆ ಅವರು ಅದರ ಜಾತಕ ಬರೆದಂತೆ ಬರೆಯುತ್ತಾರೆ. ಇದು ವರ್ಗಸಂಖ್ಯೆ, ಇದು ಡೆಮ್ಲೊ ಸಂಖ್ಯೆ, ಇದು ಹರ್ಷದ ಸಂಖ್ಯೆ, ಇದು ಸ್ವಯಂಭು ಅಲ್ಲ, ಹೀಗೆ. ಈ ಪಟ್ಟಿಯಲ್ಲಿ ವರ್ಗಸಂಖ್ಯೆ ಒಂದನ್ನು ಬಿಟ್ಟರೆ ಉಳಿದ ಮೂರೂ ಗುಂಪು ಒಬ್ಬರೇ ಗುರುತಿಸಿದ್ದು. ಅವರು ಯಾವ ವಿಶ್ವವಿದ್ಯಾಲಯದ ಪ್ರೊಫೆಸರೂ ಆಗಿರಲಿಲ್ಲ. ನಾಸಿಕ್ ಹತ್ತಿರದ ದೇವಳಾಲಿ ಎಂಬ ಊರಿನ ಶಾಲಾ ಮೇಷ್ಟ್ರು. ಹೆಸರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್.

ಹುಟ್ಟಿದ್ದು 1905ರ ಜನವರಿ 17ರಂದು, ಮುಂಬೈಗೆ ಉತ್ತರಕ್ಕೆ ಸಮುದ್ರ ದಂಡೆಯಲ್ಲಿರುವ ಡಹಾಣುವಿನಲ್ಲಿ. ಎಂಟು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಂದೆ ಗುಮಾಸ್ತರು, ಆದರೆ ಮನಸ್ಸೆಲ್ಲ ಜ್ಯೋತಿಷ್ಯದಲ್ಲಿ. ಪಂಚಾಂಗ ಹಿಡಿದು ಜಾತಕ ಹಾಕುವವರಿಗೆ ಕೂಡು-ಕಳೆ ಸರಾಗವಾಗಿ ಬರಲೇಬೇಕಲ್ಲ. ಆ ಲೆಕ್ಕದ ಗೀಳು ಮಗನಿಗೆ ದಾಟಿತು. ಜ್ಯೋತಿಷ್ಯ ಅಲ್ಲೇ ನಿಂತಿತು, ಲೆಕ್ಕ ಮಾತ್ರ ಜತೆಗೆ ಬಂತು. ಠಾಣೆಯಲ್ಲಿ ಹೈಸ್ಕೂಲು. 1923ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದರು. ವಿದ್ಯಾರ್ಥಿಗಳು ಸ್ವಂತವಾಗಿ ಮಾಡಿದ ಗಣಿತಕ್ಕೆ ಅಲ್ಲಿ ರ‍್ಯಾಂಗ್ಲರ್ ಪರಾಂಜಪೆ ಹೆಸರಿನಲ್ಲೊಂದು ಬಹುಮಾನ ಇತ್ತು, 1927ರಲ್ಲಿ ಅದು ಇವರಿಗೆ ಬಂತು. 1929ರಲ್ಲಿ ಬಿ.ಎಸ್ಸಿ. ಮುಗಿಯಿತು. ಓದು ಅಷ್ಟೇ. ಎಂ.ಎಸ್ಸಿ. ಇಲ್ಲ, ಪಿಎಚ್.ಡಿ. ಇಲ್ಲ. ದೇವಳಾಲಿಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. 1962ರಲ್ಲಿ ನಿವೃತ್ತರಾಗುವವರೆಗೂ ಅದೇ ಊರು, ಅದೇ ಕೆಲಸ.

ಈಗ ಡೆಮ್ಲೊ ವಿಷಯಕ್ಕೆ ಬರೋಣ. ಹಿಂದೆ ಮುಂಬೈಯಿಂದ ಹೊರಡುತ್ತಿದ್ದ ಜಿಐಪಿ ರೈಲು ಮಾರ್ಗದಲ್ಲಿ ಆ ಹೆಸರಿನ ಒಂದು ಸ್ಟೇಷನ್ ಇತ್ತು. ಅಲ್ಲಿದ್ದಾಗ ಕಾಪ್ರೇಕರ್ ಅವರಿಗೆ ಒಂದು ಯೋಚನೆ ಹೊಳೆಯಿತು. 2553 ತಗೊಳ್ಳಿ. ಮೊದಲ ಅಂಕಿ 2, ಕೊನೆಯದು 3, ಕೂಡಿದರೆ 5. ನಡುವೆ ಇರುವುದೂ ಐದೇ. 47773 ನೋಡಿ: ನಾಲ್ಕೂ ಮೂರೂ ಏಳು, ನಡುವೆ ಬರೀ ಏಳು. ಎರಡು ತುದಿ ಸೇರಿದರೆ ನಡುವಿನ ಅಂಕಿಯೇ ಬರುವಂಥ ಸಂಖ್ಯೆಗಳು. ಇವುಗಳಿಗೆ ಅವರು ಆ ಸ್ಟೇಷನ್ನಿನ ಹೆಸರನ್ನೇ ಇಟ್ಟುಬಿಟ್ಟರು. ರೈಲಿಗೆ ಕಾಯುತ್ತಾ ಕೂತಾಗ ನಮ್ಮ ತಲೆಯಲ್ಲಿ ಏನೇನೋ ಓಡುತ್ತೆ, ಅವರ ತಲೆಯಲ್ಲಿ ಓಡಿದ್ದು ಇದು.

ಈ ಗುಂಪಿನಲ್ಲಿ ನೋಡೋಕೆ ಚೆಂದದವು 121, 12321, 1234321. ಕೊನೆಯದರಲ್ಲಿ 123ಕ್ಕೆ 321 ಕೂಡಿದರೆ 444, ನಡುವೆ ಇರುವುದು 4. ನಮ್ಮ ಹದಿನೇಳು ಅಂಕಿಯ ಸಂಖ್ಯೆಗೂ ಇದೇ ಪರೀಕ್ಷೆ ಮಾಡಿ. ಎಡಗಡೆ 12345678, ಬಲಗಡೆ 87654321. ಕೂಡಿದರೆ 99999999. ನಡುವೆ 9. ಪಾಸ್.

ಇಲ್ಲಿ ನಮ್ಮ ನಾಡಿನ ಒಬ್ಬರನ್ನು ನೆನೆಯಲೇಬೇಕು. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲಿ ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಥರ ಕಾಣುವ ಸಂಖ್ಯೆಗಳಿವೆ. ಅದರಲ್ಲೊಂದು, ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321. ಅಂದರೆ ಆರು ಒಂದುಗಳ ವರ್ಗ. ಇದು ಹನ್ನೊಂದು ಅಂಕಿ, ಹಾಗಾಗಿ ನಿಮ್ಮ ಅಂಗಡಿ ಕ್ಯಾಲ್ಕುಲೇಟರ್‌ನಲ್ಲೇ 111111 ಒತ್ತಿ, ಅದರಿಂದಲೇ ಗುಣಿಸಿ ನೋಡಬಹುದು. ಏಳು ಒಂದು ಒತ್ತಿ ಗುಣಿಸಿದರೆ ಉತ್ತರ ಹದಿಮೂರು ಅಂಕಿಗೆ ಹೋಗುತ್ತೆ, ಹನ್ನೆರಡು ಅಂಕಿಯ ಯಂತ್ರ ಎರರ್ ತೋರಿಸುತ್ತೆ. ಆಚಾರ್ಯರಿಗೆ ದೊಡ್ಡ ಸಂಖ್ಯೆ ಅಂದರೆ ಅಂಜಿಕೆ ಇರಲಿಲ್ಲ. ಏಕ, ದಶ, ಶತ ಎನ್ನುತ್ತಾ 24 ಸ್ಥಾನಗಳವರೆಗೂ ಹೆಸರು ಕೊಟ್ಟಿದ್ದಾರೆ, ಕೊನೆಯದು ಮಹಾಕ್ಷೋಭ. ಹದಿನೇಳು ಅಂಕಿ ಅವರಿಗೆ ದಾರಿ ಮಧ್ಯದ ಊರು. ಸಾವಿರ ವರ್ಷ ಕಳೆದ ಮೇಲೆ ದೇವಳಾಲಿಯ ಮೇಷ್ಟ್ರು ಅದೇ ಸಾಲಿನ ಸಂಖ್ಯೆಗಳನ್ನು ಮತ್ತೆ ಕೈಗೆತ್ತಿಕೊಂಡರು.

ಹರ್ಷದ ಎಂಬ ಹೆಸರು ಕೇಳೋಕೇ ಹಿತ. ಹರ್ಷ ಕೊಡುವುದು ಹರ್ಷದ. ಒಂದು ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿ, ಬಂದ ಮೊತ್ತದಿಂದ ಆ ಸಂಖ್ಯೆಯನ್ನೇ ಭಾಗಿಸಿ. ಶೇಷ ಉಳಿಯದಿದ್ದರೆ ಅದು ಹರ್ಷದ. ಯಾರದೋ ಬಿಲ್ಲು 378 ರೂಪಾಯಿ ಆಯ್ತು ಅನ್ನಿ. ಮೂರು, ಏಳು, ಎಂಟು ಕೂಡಿದರೆ 18. 378ನ್ನು 18ರಿಂದ ಭಾಗಿಸಿದರೆ ಸರಿಯಾಗಿ 21. ಕಾಪ್ರೇಕರ್ ಹುಟ್ಟಿದ 1905 ಕೂಡ ಹರ್ಷದ ಸಂಖ್ಯೆಯೇ. ಅಂಕಿಗಳ ಮೊತ್ತ 15, ಭಾಗಿಸಿದರೆ 127. ನಮ್ಮ ದೊಡ್ಡ ಸಂಖ್ಯೆಯ ಹದಿನೇಳು ಅಂಕಿ ಕೂಡಿದರೆ 81. ಅದರಿಂದ ಭಾಗಿಸಿದರೆ 15,24,15,78,99,71,041 ಬರುತ್ತೆ, ಶೇಷ ಸೊನ್ನೆ. ಪುರುಸೊತ್ತಿದ್ದವರು ಕಾಗದದ ಮೇಲೆ ಹಾಕಿ ನೋಡಿ.

ಇವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಂದಿನದು. 15 ತಗೊಂಡು ಅದಕ್ಕೆ ಅದರ ಅಂಕಿಗಳನ್ನೇ ಕೂಡಿಸಿ: 15, 1, 5, ಒಟ್ಟು 21. ಅಂದರೆ 21ಕ್ಕೆ 15 ಜನಕ. 21ಕ್ಕೆ 2 ಮತ್ತು 1 ಕೂಡಿಸಿ, 24. ಹೀಗೆ ಪ್ರತಿ ಸಂಖ್ಯೆಯೂ ಇನ್ನೊಂದಕ್ಕೆ ಜನ್ಮ ಕೊಡುತ್ತಾ ಹೋಗುತ್ತೆ. 101ರಂಥ ಕೆಲವಕ್ಕೆ ಇಬ್ಬರು ಜನಕರು: 91ರಿಂದಲೂ ಬರುತ್ತೆ, 100ರಿಂದಲೂ ಬರುತ್ತೆ. ಕಾಪ್ರೇಕರ್ ಕೇಳಿದ ಪ್ರಶ್ನೆ ಬೇರೆ. ಜನಕನೇ ಇಲ್ಲದ ಸಂಖ್ಯೆ ಯಾವುದಾದರೂ ಇದೆಯಾ? ಇದೆ. 20 ಯಾವ ಸಂಖ್ಯೆಯಿಂದಲೂ ಹುಟ್ಟಲ್ಲ. 31, 42, 53 ಕೂಡ ಹಾಗೇ. ನೂರರೊಳಗೆ ಇಂಥವು ಹದಿಮೂರು. ಅವರು ಇಂಗ್ಲಿಷಿನಲ್ಲಿ ಸೆಲ್ಫ್ ನಂಬರ್ ಎಂದರು. ನಮ್ಮ ಕಡೆ ತಾನಾಗಿಯೇ ಮೂಡಿದ ಲಿಂಗಕ್ಕೆ ಏನಂತೀವೋ ಅದೇ ಮಾತು ಇದಕ್ಕೂ ಒಪ್ಪುತ್ತೆ, ಸ್ವಯಂಭು.

ಜಪಮಾಲೆಯ 108, ಆಂಬ್ಯುಲೆನ್ಸ್‌ಗೆ ಒತ್ತುವ 108, ಅದೂ ಸ್ವಯಂಭು ಸಂಖ್ಯೆ. ಹಿಂದಿನ ಯಾವ ಸಂಖ್ಯೆಗೆ ಅದರ ಅಂಕಿಗಳನ್ನು ಕೂಡಿಸಿದರೂ 108 ಬರಲ್ಲ, ಒಂದೊಂದಾಗಿ ಹಾಕಿ ನೋಡಿ. ಜತೆಗೆ ಅದು ಹರ್ಷದವೂ ಹೌದು, ಅಂಕಿಗಳ ಮೊತ್ತ 9, ಭಾಗಿಸಿದರೆ 12.

ಹಾಗಾದರೆ ನಮ್ಮ ಹದಿನೇಳು ಅಂಕಿಯದ್ದು? ಹುಡುಕೋದು ಕಷ್ಟ ಅನಿಸುತ್ತೆ, ಆದರೆ ಬಹಳ ದೂರ ಹೋಗಬೇಕಿಲ್ಲ. ಹದಿನೇಳೂ ಅಂಕಿ ಒಂಬತ್ತೇ ಆದರೂ ಮೊತ್ತ 153 ದಾಟಲ್ಲ. ಆದ್ದರಿಂದ ಜನಕ ಇದ್ದರೆ ಹಿಂದಿನ 153 ಮನೆಯೊಳಗೇ ಇರಬೇಕು. ಹುಡುಕಿದರೆ 81 ಹಿಂದೆ ಸಿಕ್ಕಿಬಿಡುತ್ತೆ: 12,34,56,78,98,76,54,240. ಇದರ ಅಂಕಿಗಳ ಮೊತ್ತ 81, ಅದನ್ನು ಇದಕ್ಕೇ ಕೂಡಿಸಿದರೆ ಕೊನೆಯ 240 ಹೋಗಿ 321 ಆಗುತ್ತೆ. ಹಾಗಾಗಿ ನಮ್ಮದು ಸ್ವಯಂಭು ಅಲ್ಲ, ಅದಕ್ಕೆ ಅಪ್ಪ ಇದ್ದಾನೆ. ಆ ಅಪ್ಪನೂ 81ರಿಂದ ಭಾಗವಾಗುತ್ತಾನೆ, ಅಂದರೆ ಅಪ್ಪ-ಮಗ ಇಬ್ಬರೂ ಹರ್ಷದರೇ.

ಜಗತ್ತಿಗೆ ಕಾಪ್ರೇಕರ್ ಗೊತ್ತಿರುವುದು ಇವುಗಳಿಂದ ಅಲ್ಲ, 6174ರಿಂದ. ನಾಲ್ಕು ಅಂಕಿಯ ಯಾವುದೇ ಸಂಖ್ಯೆ ತಗೊಳ್ಳಿ, ನಿಮ್ಮ ಬೈಕ್ ನಂಬರ್ ಆದರೂ ಸೈ. ನಾಲ್ಕೂ ಅಂಕಿ ಒಂದೇ ಇರಬಾರದು, ಅಷ್ಟೇ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಆಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ರಾಜ್ಯ ಏಕೀಕರಣವಾದ 1956ನ್ನೇ ನೋಡೋಣ. 9651ರಿಂದ 1569 ಕಳೆದರೆ 8082. ಇನ್ನು 8820ರಿಂದ 0288 ಕಳೆದರೆ 8532. ಅದರಿಂದ 2358 ಕಳೆದರೆ 6174. ಅಲ್ಲಿಗೆ ನಿಂತಿತು, ಯಾಕಂದರೆ 7641ರಿಂದ 1467 ಕಳೆದರೂ ಮತ್ತೆ 6174ನೇ. ಎಲ್ಲಿಂದ ಹೊರಟರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬಂದು ಸೇರಲೇಬೇಕು. ಮೂರು ಅಂಕಿಯವಕ್ಕೆ ಇಂಥದೇ ತಂಗುದಾಣ 495.

ಇದರ ಒಳಗುಟ್ಟಿನ ಒಂದು ಎಳೆ ಹಳೇ ಗುಮಾಸ್ತರಿಗೆಲ್ಲ ಗೊತ್ತು. ಕಿರ್ದಿ ಪುಸ್ತಕದಲ್ಲಿ ಸಂಜೆ ಲೆಕ್ಕ ತಾಳೆಯಾಗದೆ, ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ, ಎಲ್ಲೋ ಅಂಕಿ ಅದಲುಬದಲಾಗಿದೆ ಅಂತ ಮೊದಲು ಅನುಮಾನಿಸುತ್ತಾರೆ. 540 ಬರೆಯುವಲ್ಲಿ 450 ಬರೆದರೆ 90 ವ್ಯತ್ಯಾಸ. ಅವೇ ಅಂಕಿಗಳನ್ನು ಹೇಗೆ ತಿರುಗಿಸಿ ಕಳೆದರೂ ಒಂಬತ್ತರ ಮಗ್ಗಿಯೊಳಗೇ ಬೀಳುತ್ತೆ. ಕಾಪ್ರೇಕರ್ ಹೆಜ್ಜೆಗಳೂ ಅಷ್ಟೇ, ಮೊದಲ ಕಳೆಯುವಿಕೆಯಲ್ಲೇ ಒಂಬತ್ತರ ಮನೆಗೆ ಬಂದುಬಿಡುತ್ತವೆ. ಅಲ್ಲಿಂದ ಆಚೆ ಉಳಿಯುವ ದಾರಿಗಳೇ ಕೆಲವು, ಅವೆಲ್ಲ 6174ರ ಕಡೆ ಹರಿಯುತ್ತವೆ.

ಮದ್ರಾಸಿನಲ್ಲಿ 1949ರಲ್ಲಿ ನಡೆದ ಗಣಿತ ಸಮ್ಮೇಳನದಲ್ಲಿ ಅವರು ಇದನ್ನು ಮುಂದಿಟ್ಟರು. ದೊಡ್ಡವರು ಮೆಚ್ಚಿ ತಲೆದೂಗಿದರು ಅಂತ ಬರೆಯೋಕೆ ಆಸೆ, ಆದರೆ ಆದದ್ದು ಹಾಗಲ್ಲ. ದೇಶದ ಎಷ್ಟೋ ಗಣಿತಜ್ಞರಿಗೆ ಇವರ ಕೆಲಸ ಹುಡುಗಾಟದಂತೆ ಕಂಡಿತು. ಅವರ ವಾದವನ್ನೂ ಹೇಳಬೇಕು, ಅದರಲ್ಲಿ ಹುರುಳಿಲ್ಲ ಅಂತಲ್ಲ. ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ, ಕೈಯಲ್ಲಿ ಹತ್ತು ಬೆರಳಿವೆ ಅನ್ನುವ ಕಾರಣಕ್ಕೆ. ಹನ್ನೆರಡರ ಲೆಕ್ಕದಲ್ಲಿ ಬರೆಯುತ್ತಿದ್ದರೆ 6174ರ ಈ ಗುಣ ಉಳಿಯುತ್ತಿರಲಿಲ್ಲ. ಬರೆಯುವ ರೀತಿ ಬದಲಾದರೆ ಹೋಗಿಬಿಡುವ ಗುಣವನ್ನು ಸಂಖ್ಯೆಯ ಗುಣ ಅನ್ನೋದು ಹೇಗೆ ಎಂಬುದು ಅವರ ತಕರಾರು. ಸರಿಯೇ. ಆದರೆ ನಾವು ಬದುಕುತ್ತಿರುವುದು ಹತ್ತರ ಲೆಕ್ಕದಲ್ಲೇ, ದಿನಾ ಕಣ್ಣಿಗೆ ಬೀಳುವುದು ಈ ಅಂಕಿಗಳೇ. ಮೂರನೇ ಕ್ಲಾಸಿನ ಹುಡುಗಿಗೂ ಅರ್ಥವಾಗಿ, ಪ್ರೊಫೆಸರಿಗೂ ಉತ್ತರ ತೋಚದಂಥ ಪ್ರಶ್ನೆ ಹುಡುಕುವುದು ಹಗುರ ಕೆಲಸ ಅಂತ ನನಗಂತೂ ಅನ್ನಿಸಲ್ಲ.

ದೊಡ್ಡ ಪತ್ರಿಕೆಗಳಲ್ಲಿ ಜಾಗ ಸಿಗುವುದು ಕಷ್ಟವಾದಾಗ ಅವರು ಸಣ್ಣ ಪತ್ರಿಕೆಗಳಿಗೆ ಬರೆದರು. ಅದೂ ಆಗದಿದ್ದಾಗ ತಾವೇ ಕಿರುಹೊತ್ತಿಗೆಗಳನ್ನು ಅಚ್ಚು ಹಾಕಿಸಿದರು. ಪ್ರಕಾಶಕರ ಹೆಸರಿರಬೇಕಾದ ಕಡೆ ಅವರದೇ ಹೆಸರು, ದೇವಳಾಲಿಯ ಮನೆ ವಿಳಾಸ. ಮೇಷ್ಟ್ರ ಸಂಬಳದಲ್ಲಿ ಪ್ರೆಸ್ಸಿನ ಖರ್ಚು ಹುಟ್ಟಿಸುವುದು ಅಂದರೆ ಏನು ಅಂತ ಮನೆ ನಡೆಸುವವರಿಗೆ ಹೇಳಬೇಕಿಲ್ಲ. ಅಮೆರಿಕದ ಸ್ಕ್ರಿಪ್ಟಾ ಮ್ಯಾಥಮೆಟಿಕಾ ಎಂಬ ಪತ್ರಿಕೆ 1950ರ ದಶಕದಲ್ಲಿ ಇವರ ಬರಹಗಳನ್ನು ಹಾಕಿತು. ಊರಿನ ಸುತ್ತಮುತ್ತ ಮಾತ್ರ ಒಳ್ಳೇ ಹೆಸರಿತ್ತು. ಸಂಖ್ಯೆಗಳನ್ನು ಹಿಡಿದುಕೊಂಡೇ ಪಾಠ ಮಾಡುವ ಇವರ ರೀತಿ ನೋಡಿ, ಹತ್ತಿರದ ಕಾಲೇಜಿನವರು ಮಾತಾಡಲು ಕರೆಯುತ್ತಿದ್ದರು. ಕುಡುಕನಿಗೆ ಹೆಂಡದ ಚಟ ಇರುವಂತೆ ತನಗೆ ಸಂಖ್ಯೆಗಳ ಚಟ ಎಂದು ತಾವೇ ಒಪ್ಪಿಕೊಳ್ಳುತ್ತಿದ್ದರಂತೆ.

1962ರಲ್ಲಿ ನಿವೃತ್ತಿ. ಮಾರನೇ ವರ್ಷ ಸ್ವಯಂಭು ಸಂಖ್ಯೆಗಳ ಮೇಲೆ ಇನ್ನೊಂದು ಪುಸ್ತಕ, ಅದೂ ದೇವಳಾಲಿಯಿಂದಲೇ. ಆ 1963 ಕೂಡ ಸ್ವಯಂಭು ಸಂಖ್ಯೆ. 1966ರಲ್ಲಿ ಹೆಂಡತಿ ತೀರಿಕೊಂಡರು. ಖರ್ಚು ಅಂತ ಹೆಚ್ಚೇನೂ ಇಲ್ಲದ ಮನುಷ್ಯ, ಆದರೂ ಬರುವ ಪಿಂಚಣಿ ಸಾಲುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ಗಣಿತ, ವಿಜ್ಞಾನದ ಮನೆಪಾಠ ಹೇಳಿಕೊಂಡು ದಿನ ದೂಡಿದರು. ಲೆಕ್ಕ ಮಾತ್ರ ನಿಲ್ಲಲಿಲ್ಲ.

ಹೆಸರುಗಳೂ ಕೈತಪ್ಪಿ ಹೋಗುವಂತಾಯಿತು. 1974ರಲ್ಲಿ ಕೊಲಂಬಿಯಾ ದೇಶದ ಬರ್ನಾರ್ಡೊ ರೆಕಮಾನ್ ಎಂಬುವರು ಇದೇ ಜನಕರಿಲ್ಲದ ಸಂಖ್ಯೆಗಳ ಬಗ್ಗೆ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಶ್ನೆ ಕೇಳಿದರು. ಅಲ್ಲಿಂದ ಅವಕ್ಕೆ ಕೊಲಂಬಿಯನ್ ಸಂಖ್ಯೆ ಎಂಬ ಹೆಸರೂ ಬಿತ್ತು. ತಮಾಷೆ ಅಂದರೆ 1974 ಕೂಡ ಸ್ವಯಂಭು ಸಂಖ್ಯೆಯೇ. ಹರ್ಷದಕ್ಕೂ ಹಾಗೇ ಆಯಿತು. 1977ರಲ್ಲಿ ಐವನ್ ನಿವೆನ್ ಎಂಬ ಗಣಿತಜ್ಞರು ಒಂದು ಸಮ್ಮೇಳನದಲ್ಲಿ ಅವುಗಳ ಬಗ್ಗೆ ಮಾತಾಡಿದ ಮೇಲೆ, ಹೊರದೇಶದ ಎಷ್ಟೋ ಬರಹಗಳಲ್ಲಿ ಅವು ನಿವೆನ್ ಸಂಖ್ಯೆಗಳಾದವು. ಕಾಪ್ರೇಕರ್ ಪುಸ್ತಕ ಅಚ್ಚಾಗಿದ್ದು ದೇವಳಾಲಿಯಲ್ಲಿ, ಅದು ಅಲ್ಲಿಗೆ ತಲುಪಬೇಕಾದರೂ ಹೇಗೆ?

ತಲುಪಿಸಿದವರು ಮಾರ್ಟಿನ್ ಗಾರ್ಡ್ನರ್. ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರ ಗಣಿತ ವಿನೋದದ ಅಂಕಣಕ್ಕೆ ಜಗತ್ತಿನಾದ್ಯಂತ ಓದುಗರಿದ್ದರು. 1975ರ ಮಾರ್ಚ್ ಸಂಚಿಕೆಯಲ್ಲಿ ಕಾಪ್ರೇಕರ್ ಮತ್ತು ಅವರ ಸಂಖ್ಯೆಗಳ ಬಗ್ಗೆ ಬರೆದರು. ಮೇಷ್ಟ್ರಿಗೆ ಆಗ ಎಪ್ಪತ್ತು ವರ್ಷ. ಅಲ್ಲಿಂದ ಮುಂದೆ ಸ್ವಯಂಭು ಸಂಖ್ಯೆಗಳಿಗೆ ದೇವಳಾಲಿ ಸಂಖ್ಯೆ ಎಂಬ ಹೆಸರೂ ಗಣಿತದ ಪುಸ್ತಕಗಳಲ್ಲಿ ಉಳಿಯಿತು.

ಅವರದೇ ಹೆಸರಿನ ಕಾಪ್ರೇಕರ್ ಸಂಖ್ಯೆಗಳೂ ಇವೆ. 45ರ ವರ್ಗ 2025. ಅದನ್ನು ಎರಡು ತುಂಡು ಮಾಡಿ ಕೂಡಿದರೆ, 20ಕ್ಕೆ 25 ಸೇರಿ, ಮತ್ತೆ 45. 2025ನೇ ಇಸವಿಯ ಹೊಸ ವರ್ಷಕ್ಕೆ ವಾಟ್ಸ್ಆ್ಯಪ್‌ನಲ್ಲಿ ಓಡಾಡಿದ ಲೆಕ್ಕ ಇದೇ. 297ರ ವರ್ಗ 88209, 88ಕ್ಕೆ 209 ಕೂಡಿದರೆ 297. ಒಂಬತ್ತು ಒಂದುಗಳ ನಮ್ಮ 11,11,11,111 ಈ ಪರೀಕ್ಷೆಯಲ್ಲಿ ಮಾತ್ರ ಫೇಲು. ಅದರ ವರ್ಗವನ್ನು ತುಂಡು ಮಾಡಿ, 12345678ಕ್ಕೆ 987654321 ಕೂಡಿದರೆ ಒಂಬತ್ತು ಒಂದು ಬರಬೇಕಿತ್ತು, ಬರುವುದು ಒಂಬತ್ತು ಒಂಬತ್ತು.

ಕಾಪ್ರೇಕರ್ 1986ರಲ್ಲಿ ದೇವಳಾಲಿಯಲ್ಲೇ ತೀರಿಕೊಂಡರು. ಹುಡುಗಾಟ ಎನಿಸಿಕೊಂಡ ಪ್ರಶ್ನೆಗಳ ಮೇಲೆ ಆಮೇಲೂ ಕೆಲಸ ನಡೆಯಿತು. ಒಂದರ ಹಿಂದೆ ಒಂದು ಎಷ್ಟು ಹರ್ಷದ ಸಂಖ್ಯೆಗಳು ಸಾಲಾಗಿ ಬರಬಹುದು? 1ರಿಂದ 10ರವರೆಗೆ ಹತ್ತೂ ಹರ್ಷದವೇ, 11 ಕೈಕೊಡುತ್ತೆ. 1993ರಲ್ಲಿ ಕೂಪರ್ ಮತ್ತು ಕೆನಡಿ ಎಂಬಿಬ್ಬರು ಗಣಿತಜ್ಞರು ಇಪ್ಪತ್ತಕ್ಕಿಂತ ಹೆಚ್ಚು ಸಾಲಾಗಿ ಬರಲು ಸಾಧ್ಯವೇ ಇಲ್ಲ ಎಂದು ಸಾಧಿಸಿದರು. ಇಪ್ಪತ್ತು ಸಾಲಾಗಿ ಬರುವ ಜಾಗ ಇದೆ ಎಂದೂ ತೋರಿಸಿದರು. ಆದರೆ ಅಲ್ಲಿನ ಸಂಖ್ಯೆಗಳಿಗೆ 4,400 ಕೋಟಿಗೂ ಹೆಚ್ಚು ಅಂಕಿ, ಮಹಾಕ್ಷೋಭವೂ ಅದರ ಮುಂದೆ ಚಿಲ್ಲರೆ. 2000ದಲ್ಲಿ ಡಗ್ಲಾಸ್ ಯಾನುಚ್ಚಿ ಎಂಬುವರು ಕಾಪ್ರೇಕರ್ ಸಂಖ್ಯೆಗಳಿಗೂ, ಯೂಕ್ಲಿಡ್ ಕಾಲದಿಂದ ಗಣಿತಜ್ಞರನ್ನು ಕಾಡುತ್ತಿರುವ ಪರಿಪೂರ್ಣ ಸಂಖ್ಯೆಗಳಿಗೂ ಇರುವ ನಂಟನ್ನು ಪ್ರಕಟಿಸಿದರು. ಕಂಪ್ಯೂಟರ್ ಬಳಸುವ ಎರಡರ ಲೆಕ್ಕದಲ್ಲಿ ಬರೆದರೆ, ಸಮಸಂಖ್ಯೆಯಾಗಿರುವ ಪ್ರತಿ ಪರಿಪೂರ್ಣ ಸಂಖ್ಯೆಯೂ ಕಾಪ್ರೇಕರ್ ಸಂಖ್ಯೆ.

ಇನ್ನು ಇಸವಿಗಳ ವಿಷಯ. 2007 ಸ್ವಯಂಭು ಆಗಿತ್ತು, ಆಮೇಲೆ 2022. ಮುಂದಿನದು 2033ರಲ್ಲಿ ಬರುತ್ತೆ.